ಸದ್ದು ಅಳಿಸುವ ಗುಂಡಿ

ಲೈಬ್ರರಿಯ ನೆಲಮಾಳಿಗೆಗೆ ಹೊಸ ಯಂತ್ರ ಬಂದ ದಿನ
ಆಂಡ್ರೊಸ್ಕಾಗಿನ್ ನದಿ ಹೆಪ್ಪುಗಟ್ಟಿತ್ತು.
ರೊಸೇರ್ ತಿಬೊಡೋ, ನಾನು, ಹೈಸ್ಕೂಲಿನ ಹುಡುಗಿ ಮೋನಿಕ್
ಮೂವರೂ ಸೇರಿ ಮೆಟ್ಟಿಲಿಳಿಸಿದೆವು
ಉಸಿರು ಬಿಗಿಹಿಡಿದು, ಹಸುಗೂಸನ್ನು ಇಳಿಸುವ ಹಾಗೆ.

ಕೇಬಲ್ ಕಂಪನಿ ಕೊಟ್ಟದ್ದು ನಾಲ್ಕು ಸಾವಿರ ಡಾಲರು.
ಒಂದು ಕಂಪ್ಯೂಟರು, ಒಂದು ಮಾನಿಟರು,
ಕಿರುಬೆರಳಿಗಿಂತ ಸಣ್ಣ ವೈರು, ಅದರೊಳಗೆ
ಕ್ಯಾಮೆರಾ ಕಂಡದ್ದೆಲ್ಲ ಹಾದುಬರುತ್ತದಂತೆ.
ಇಪ್ಪತ್ತು ಗಿಗಾಬೈಟಿನ ಡಿಸ್ಕು.
"ತೊಂಬತ್ತು ನಿಮಿಷ ಹಿಡಿಸುತ್ತೆ" ಅಂದಳು ಮೋನಿಕ್.
"ನಗರಸಭೆಯವರು ನಾಯಿ ಲೈಸೆನ್ಸಿಗೇ
ಮೂರು ಗಂಟೆ ತಗೋತಾರೆ" ಅಂದ ರೊಸೇರ್.

ಹಳೆಯ ಪದ್ಧತಿ ನನಗೆ ಕೈಬಂದಿತ್ತು:
ಎರಡು ವಿಸಿಆರ್, ನಡುವೆ ಒಂದು ತಿರುಗುಚಕ್ರ,
ಈ ಟೇಪಿನಿಂದ ಆ ಟೇಪಿಗೆ, ಮೊದಲಿಂದ ಕೊನೆಗೆ.
ನಡುವೆ ಒಂದು ತಪ್ಪಾದರೆ
ಅಲ್ಲಿಂದಾಚೆ ಎಲ್ಲ ಬಿಚ್ಚಿ ಮತ್ತೆ ನೇಯಬೇಕು.
ಮೂವತ್ತೊಂದು ವರ್ಷ ಮಿಲ್ಲಿನಲ್ಲಿ ಮಗ್ಗ ರಿಪೇರಿ ಮಾಡಿದವನು,
ಎಳೆ ಕಡಿದರೆ ಬೆರಳಿಗೆ ಮೊದಲು ತಿಳಿಯುತ್ತಿತ್ತು.
ಈ ಯಂತ್ರದಲ್ಲಿ ತಪ್ಪಿಗೆ ಬೆಲೆಯೇ ಇಲ್ಲ.
ಒಂದು ಗುಂಡಿ ಒತ್ತಿದರೆ ಕಡಿದದ್ದು ಕೂಡುತ್ತದೆ,
ಹದಿನಾರು ಸಲ ಒತ್ತಿದರೆ ಹದಿನಾರು ಹೆಜ್ಜೆ ಹಿಂದೆ.
ಮೊದಲ ವಾರವೆಲ್ಲ ಕಡಿದೆ, ಕೂಡಿಸಿದೆ, ಅಷ್ಟೆ.
ಯಾವ ಮೇಸ್ತ್ರಿಯೂ ಬೈಯಲಿಲ್ಲ.

ಆಮೇಲೆ ಜರ್ಮೇನ್ ಕುಲೊಂಬಳ ಅಡುಗೆ ಕಾರ್ಯಕ್ರಮ.
ಹನ್ನೆರಡು ವರ್ಷದ ಟೇಪು, ಮಾಂಸದ ಪೈ, ಮೇಪಲ್ ಪಾಕ.
ತೆರೆಯ ಮೇಲೆ ಅವಳ ದನಿ
ಹಸಿರು ಗುಡ್ಡಗಳಾಗಿ ಎದ್ದು ಬಿತ್ತು.
ಅವಳು ಸುಮ್ಮನಾದಾಗಲೂ ಗೆರೆ ಸುಮ್ಮನಾಗಲಿಲ್ಲ.
ಸಣ್ಣಗೆ ನಡುಗುತ್ತಲೇ ಇತ್ತು,
ಹಿಟ್ಟು ನಾದುವಾಗ, ಒಲೆಯ ಬಾಗಿಲು ತೆಗೆಯುವಾಗ,
ಉಪ್ಪು ಹಾಕಿದೆನೋ ಇಲ್ಲವೋ ಎಂದು ಅವಳು ನಿಂತಾಗ.

"ಇದು ಕಸ" ಅಂದಳು ಮೋನಿಕ್. "ಇದಕ್ಕೊಂದು ಗುಂಡಿಯಿದೆ.
ಯಾರೂ ಮಾತಾಡದ ಎರಡು ಸೆಕೆಂಡು ತೋರಿಸಿ ಸಾಕು,
ಕಲಿತುಕೊಂಡು ಎಲ್ಲ ಕಡೆ ಅಳಿಸಿಬಿಡುತ್ತೆ."
ಆ ಎರಡು ಸೆಕೆಂಡನ್ನು ಹೆಡ್‌ಫೋನಿನಲ್ಲಿ ಕೇಳಿದೆ.

ಗುಂಯ್.

ನಾಲ್ಕನೆಯ ಮಹಡಿ. ಎರಡನೆಯ ಪಾಳಿ.
ಅವಳ ಮನೆಯಿಂದ ನದಿಯಾಚೆ ನಾನೂರು ಮಗ್ಗ.
ನನ್ನ ಅರ್ಧ ಕಿವಿ ತಿಂದದ್ದೇ ಅದು.

ಮಿಲ್ಲು ಮುಚ್ಚಿದ ವರ್ಷದ ಟೇಪು ಹುಡುಕಿದೆ.
ನವೆಂಬರಿನ ಕಂತಿನಲ್ಲಿ ಗೆರೆ ನಡುಗುತ್ತದೆ.
ಜನವರಿಯದರಲ್ಲಿ ಮಲಗಿದೆ.
ಜರ್ಮೇನ್ ಅದೇ ಏಪ್ರನ್ ತೊಟ್ಟು, ಅದೇ ಲಟ್ಟಣಿಗೆ ಹಿಡಿದು
ಇನ್ನೂ ಗಟ್ಟಿಯಾಗಿಯೇ ಮಾತಾಡುತ್ತಿದ್ದಾಳೆ,
ಬೇಕಿಲ್ಲದಿದ್ದರೂ.

ಗುಂಡಿ ಒತ್ತಲಿಲ್ಲ.
ಆ ಎರಡು ಸೆಕೆಂಡನ್ನು ತುದಿಗೆ ತುದಿ ಸೇರಿಸಿ
ಇಪ್ಪತ್ತೆಂಟು ನಿಮಿಷ ಎಳೆದೆ,
ಈ ವಾರದ ಕಂತಿನ ಕೆಳಗೆ ಹಾಸಿದೆ.
ಸದ್ದು ಹಾಸು, ಅವಳ ಮಾತು ಹೊಕ್ಕು.
ಯಂತ್ರ ಬೆಳಗಿನ ತನಕ ಬೇಯಿಸಿತು,
ತೊಂಬತ್ತೊಂಬತ್ತಕ್ಕೆ ಬಂದು ನಿಂತು ಹೊಟ್ಟೆ ಉರಿಸಿತು.

ಗುರುವಾರ ಆರೂವರೆಗೆ ಪ್ರಸಾರ.
ಆರು ನಲವತ್ತಕ್ಕೆ ಫೋನು.
ಸೀಡರ್ ಬೀದಿಯ ಓಮೇರ್ ವೆಯ್ಯೂ, ಎಂಬತ್ತಾರು ವಯಸ್ಸು.
"ಮಿಲ್ಲು ಯಾರು ತೆರೆದರು?
ಕಿಟಕಿಯಿಂದ ನೋಡಿದೆ, ದೀಪ ಕಾಣಲ್ಲ.
ಬೂಟು ಹಾಕ್ಕೊಂಡಿದೀನಿ."

ಏನು ಹೇಳಲಿ.
ಟಿವಿ ಸದ್ದು ಕಡಿಮೆ ಮಾಡು ಅಂದೆ.
ಮಾಡಿದ.
ಫೋನಿನ ಎರಡು ತುದಿಯಲ್ಲಿ ಇಬ್ಬರೂ
ಸ್ವಲ್ಪ ಹೊತ್ತು ಕೇಳಿಸಿಕೊಂಡೆವು.
"ಓ" ಅಂದ.
ಆಮೇಲೆ, "ಮತ್ತೆ ಯಾವಾಗ ಹಾಕ್ತೀರಿ?"

ಶನಿವಾರ ಹತ್ತಕ್ಕೆ ಅಂದೆ.
ಡಿಸ್ಕಿನಲ್ಲಿ ಜಾಗ ಇರಲಿಲ್ಲ.
ನಾಯಿ ಲೈಸೆನ್ಸನ್ನು ಅಳಿಸಿದೆ.