ತನಿಯನ ವಾರ

ಹುಟ್ಟಿದ ವಾರ ಅವನ ಹೆಸರಲ್ಲೇ ಇತ್ತು:
ಶನಿವಾರ ಹುಟ್ಟಿದವ, ತನಿಯ.
ಸತ್ತ ವಾರವನ್ನು ಮಾತ್ರ
ನನ್ನ ಮೇಜಿನ ಮೇಲಿನ ಮೊಸರಿನ ಡಬ್ಬಿಯಲ್ಲಿ
ಮರದ ಹೊಟ್ಟಿನ ನಡುವೆ ಹೊರಳುವ
ಹುಳಗಳನ್ನು ಕೇಳಬೇಕಾಯಿತು.

ಪೈವಳಿಕೆಯಿಂದ ಆಚೆ, ಕೆಂಪುಕಲ್ಲು ಕಡಿದು ಬಿಟ್ಟ ಕೋರೆ.
ಗುರುವಾರ ಬೆಳಿಗ್ಗೆ ಆಡು ಹುಡುಕುತ್ತ ಬಂದ ಹುಡುಗ ಕಂಡದ್ದು.
ಮಹಜರು ಮಲಯಾಳದಲ್ಲಿ. ಅದರಲ್ಲಿ ನನ್ನ ಪಾಲಿನದು ಒಂದೇ ಸಾಲು:
ಹುಳಗಳನ್ನು ಕಾಲೇಜಿನ ಪ್ರಾಣಿಶಾಸ್ತ್ರದ ಟೀಚರಿಗೆ ಒಪ್ಪಿಸಲಾಗಿದೆ.

ಕೋರೆಯ ಧಣಿ ಹೇಳಿದ್ದು: ಆದಿತ್ಯವಾರ ರಜೆ,
ಕುಡಿದು ಬಂದು ಬಿದ್ದಿರಬೇಕು.
ಸೋಮವಾರದ ಹಾಜರಿಯಲ್ಲಿ ತನಿಯನ ಎದುರು
ಗುಣಾಕಾರದ ಗುರುತು.
ಅದೊಂದರ ಶಾಯಿ ಮಾತ್ರ ಹೊಸತು.

ಹೆಂಡತಿ ಬಾಗಿ ಆ ವಾರವಿಡೀ ಮಂಗಳೂರಿನ ಆಸ್ಪತ್ರೆಯಲ್ಲಿ,
ಮಗಳ ಹೆರಿಗೆಗೆ.

ನೊಣಕ್ಕೆ ಪಂಚಾಂಗವಿಲ್ಲ.
ಅದು ಎಣಿಸುವುದು ಸೆಕೆಯನ್ನು.
ನೀಲಿಹಸಿರು ಮೈಯ ನೊಣ ಮೊಟ್ಟೆಯಿಟ್ಟು ಹೋದ ಮೇಲೆ
ಮರಿಗೆ ಬೇಕಾದ್ದು ಇಂತಿಷ್ಟು ಸೆಕೆ, ಅಷ್ಟೇ.
ಕುಚ್ಚಲಕ್ಕಿ ಬೇಯುವ ಹಾಗೆ:
ಬೆಂಕಿ ಜೋರಾದರೆ ಬೇಗ, ಸಣ್ಣಗಾದರೆ ತಡ.
ಗಡಿಯಾರ ನೋಡಿ ಕೂತವರಿಗೆ ತಿಳಿಯದು,
ಒಲೆ ನೋಡಿದವರಿಗೆ ತಿಳಿದೀತು.

ಹವಾಮಾನದವರ ಥರ್ಮಾಮೀಟರು ಕಡಲ ಬದಿಯಲ್ಲಿ
ಬಿಳಿ ಬಣ್ಣದ ಮರದ ಗೂಡಿನೊಳಗೆ ಗಾಳಿ ತಿಂದುಕೊಂಡಿರುತ್ತದೆ.
ಅದರ ಅಂಕಿ ಹಿಡಿದು ಹಿಂದಕ್ಕೆ ಎಣಿಸಿದರೆ
ಹುಳಗಳು ಆದಿತ್ಯವಾರಕ್ಕೆ ಹೋಗಿ ನಿಂತವು,
ಧಣಿಯ ಆದಿತ್ಯವಾರಕ್ಕೆ.

ಎಸ್ಸೈ ಸಹಿ ಕೇಳಿದರು. ಕೊಡಲಿಲ್ಲ.
ಏಣಿ ಹಾಕಿ ಕೋರೆಗೆ ಇಳಿದೆ.
ರೊಟ್ಟಿ ತೆಗೆದ ಮೇಲಿನ ಭಟ್ಟಿಯ ಹಾಗೆ
ನಾಲ್ಕೂ ಗೋಡೆ ಉಸಿರು ಬಿಡುತ್ತಿದ್ದವು.
ತಾನೇ ಬರೆದುಕೊಳ್ಳುವ ಸಣ್ಣ ಯಂತ್ರವೊಂದನ್ನು
ಅವನು ಬಿದ್ದಿದ್ದ ಜಾಗದಲ್ಲಿ, ಅದೇ ನೆರಳಲ್ಲಿ, ಐದು ದಿನ ಇಟ್ಟೆ.
ನಡುಹಗಲು ಮೂವತ್ತೆಂಟು.
ನಡುರಾತ್ರಿಯೂ ಮೂವತ್ತರಿಂದ ಕೆಳಗೆ ಇಳಿಯಲಿಲ್ಲ.
ಒತ್ತೊತ್ತಾಗಿ ಸೇರಿದ ಹುಳಗಳಿಗೆ ತಮ್ಮದೇ ಒಂದು ಜ್ವರವಿರುತ್ತದೆ;
ಅದನ್ನು ಬೇರೆಯೇ ಲೆಕ್ಕಕ್ಕೆ ತಂದೆ. ತಪ್ಪಿರಲೂಬಹುದು.

ಕಡಲ ಬದಿಗಿಂತ ನಾಲ್ಕು ಡಿಗ್ರಿ ಹೆಚ್ಚು.
ಅಷ್ಟಕ್ಕೇ
ಇಡೀ ಒಂದು ಆದಿತ್ಯವಾರ ಕರಗಿಹೋಯಿತು.
ಸೋಮವಾರ ಹಗಲು. ಕೆಲಸದ ಹೊತ್ತು.

ನೊಣ ತಡವಾಗಿ ಬಂದಿದ್ದರೆ ಎಂದು ನಾಳೆ ವಕೀಲರು ಕೇಳುತ್ತಾರೆ.
ಕೇಳಲಿ. ಆ ಸೆಕೆಯಲ್ಲಿ, ಹಗಲಿನಲ್ಲಿ, ಹಸಿ ರಕ್ತಕ್ಕೆ
ನೊಣ ತಡಮಾಡಿದ್ದನ್ನು ನಾನಂತೂ ಕಂಡಿಲ್ಲ.

ಬಾಗಿ ಬಂದದ್ದು ಬೊಜ್ಜದ ದಿನ ಕೇಳಲಿಕ್ಕೆ,
ಎಣಿಕೆ ಎಲ್ಲಿಂದ ಹಿಡಿಯುವುದೆಂದು.
ಡಬ್ಬಿಯ ಕಡೆ ನೋಡಲಿಲ್ಲ.
ಸೋಮವಾರ, ಅಂದೆ.
ಬೆರಳು ಮಡಚುತ್ತ ಹೋದವಳು ನಡುವೆ ನಿಂತಳು.
"ಮಗು ಆದಿತ್ಯವಾರ ರಾತ್ರಿ ಹುಟ್ಟಿದ್ದು, ಟೀಚರ್.
ಅವರಿಗೆ ಫೋನ್ ಹೋಗಲೇ ಇಲ್ಲ.
ಹಾಗಾದ್ರೆ ಒಂದು ರಾತ್ರಿ ಅಜ್ಜ ಆಗಿದ್ರು."

ನಾನೇನೋ ಹೇಳಬೇಕಿತ್ತು.
ಒಳಗೆ ಫ್ರಿಜ್ ಗುಂಯ್ ಎಂದಿತು.
ಸಾಕ್ಷಿಗೆಂದು ಬೇರೆ ಮಾಡಿಟ್ಟ ಆರು ಹುಳಗಳಿವೆ ಅಲ್ಲಿ,
ಆ ತಣ್ಪಿನಲ್ಲಿ, ಬೆಳೆಯದೆ, ಸಾಯದೆ.
ಅವಕ್ಕಿನ್ನೂ ಗುರುವಾರ.