ಕಂಡದ್ದು, ಕೇಳಿದ್ದು

ಜೊಂಗುಲ್ದಾಕಿನ ಶಾಲೆಯಲ್ಲಿ ರುಕ್ನೆತ್ತಿನ್ ಮೇಷ್ಟ್ರು
ಹೀಗೆ ಅನ್ನಬೇಕು, ಹಾಗೆ ಕೂಡದು ಎಂದು
ಗೆಣ್ಣಿನ ಮೇಲೆ ಅಳತೆಪಟ್ಟಿಯಿಂದ ಬಾರಿಸಿ ಕಲಿಸಿದರು.
ವಿಶ್ವವಿದ್ಯಾಲಯದಲ್ಲಿ ಅದನ್ನು ಮರೆಯಲು ಕಲಿತೆ:
ಆಡಿದ್ದೇ ವ್ಯಾಕರಣ. ತಿದ್ದಬೇಡ, ಬರೆದುಕೋ.

ಬರೆದುಕೊಳ್ಳಲು ಊರಿಗೇ ಬಂದೆ.
ಶುಕೂಫೆಯ ಅಡುಗೆಮನೆ. ಒಲೆಯ ಮೇಲೆ ಜೋಡು ಚಹಾ ಪಾತ್ರೆ,
ಕಿಟಕಿಯಂಚಿಗೆ ಒರೆಸಿದಷ್ಟೂ ಕೂರುವ ಕಲ್ಲಿದ್ದಲ ಮಸಿ.
‘ಮೂರನೇ ಪಾಳಿಗೆ ಹೋದ,’ ಅಂದಳು.
ಹೋದ. ಬುತ್ತಿ ಕಟ್ಟಿ ಕೊಟ್ಟವಳು ಅವಳೇ.
‘ಸುರಂಗ ಕುಸಿಯಿತಂತೆ. ಸತ್ತನಂತೆ.’
ಬಾಲದಲ್ಲೊಂದು ಪ್ರತ್ಯಯ.
ನನ್ನ ಕೋಷ್ಟಕದಲ್ಲಿ ಅದಕ್ಕೂ ಒಂದು ಮನೆಯಿತ್ತು:
ಪರೋಕ್ಷ ಭೂತ, ಕೇಳಿ ತಿಳಿದದ್ದು.
ಗುರುತು ಹಾಕಿದೆ.

ಗಣಿ ಕಚೇರಿಯ ಗುಮಾಸ್ತ ಆ ಬಾಲವನ್ನು ಹೊಡೆದುಹಾಕಿದನಂತೆ.
‘ಸತ್ತ’ ಅಷ್ಟೇ ಉಳಿಸಿ, ಇಲ್ಲಿ ಸಹಿ ಮಾಡಮ್ಮ,
ಸರಕಾರದ ಕಾಗದದಲ್ಲಿ ಅಂತೆಕಂತೆ ನಡೆಯೋದಿಲ್ಲ ಅಂದನಂತೆ.
ಇವಳು ಪೆನ್ನು ಕೆಳಗಿಟ್ಟಳಂತೆ.
‘ನಾನು ನೋಡಿಲ್ಲ ಮಗಾ.
ಮೊಳೆ ಹೊಡೆದ ಪೆಟ್ಟಿಗೆ ಕೊಟ್ಟರು,
ತೆರೀಬೇಡ ಅಂದರು.’
ಹನ್ನೊಂದು ವರ್ಷ. ಪಿಂಚಣಿಯಿಲ್ಲ.

ಮೇಷ್ಟ್ರು ಇದ್ದಿದ್ದರೆ
ಯಾರ ವಾಕ್ಯಕ್ಕೆ ಕೆಂಪು ಶಾಯಿ ಬಳಿಯುತ್ತಿದ್ದರೋ.
ನಾನೂ ಕೇಳಿದೆ, ಕೇಳಬಾರದಿತ್ತು:
ಒಂದಕ್ಷರ ತಾನೇ, ಬಿಟ್ಟರೆ ಏನು?
ಚಹಾ ಬಗ್ಗಿಸುತ್ತಾ ಅಂದಳು,
‘ಅದನ್ನು ಬಿಟ್ಟರೆ ಕೊಂದವಳು ನಾನೇ ಆಗ್ತೀನಿ.’

ಯಂತ್ರದ ಕೆಂಪು ದೀಪ ಆರಿಸಿ
ಟಿಪ್ಪಣಿ ಪುಸ್ತಕದಲ್ಲಿ ಬರೆದೆ:
ಮಾಹಿತಿದಾರಳು ಅಳಲಿಲ್ಲ. ಕಂಡದ್ದು.

ಇಳಿಯುವಾಗ ಮೆಟ್ಟಿಲಲ್ಲಿ ಪಕ್ಕದ ಮನೆಯವಳು ತಡೆದಳು.
ಮೂರನೇ ಪಾಳಿಯ ಸೈರನ್ ಕೂಗಿದರೆ ಸಾಕು,
ಶುಕೂಫೆ ಈಗಲೂ ಎದ್ದು
ಬುತ್ತಿ ಕಟ್ಟುತ್ತಾಳಂತೆ.