ನಾಳೆಯ ಮೊಗ್ಗು

ಹದಿಮೂರು ಸಾವಿರದ ಇನ್ನೂರು ಕಿಲೋಮೀಟರ್, ಅಂದೆ.
ಬಜ್ಪೆಯಿಂದ ಟೊರಾಂಟೊ. ನೆಟ್ಟಗೆ ಗೆರೆ ಎಳೆದರೆ.
ಪಿಯಾದ್ ಬಾಯಿ ತಲೆ ಎತ್ತಲಿಲ್ಲ,
ಬಾಳೆನಾರನ್ನು ಉಗುರಿನಲ್ಲಿ ಸೀಳುತ್ತ ಕೇಳಿದಳು:
'ಗೆರೆ ಇರಲಿ. ಗಂಟೆ ಎಷ್ಟು?'

ಶಂಕರಪುರದಲ್ಲಿ ದೂರ ಅಳೆಯುವುದು ಹಾಗೆ.
ಮುಂಬಯಿ ಅಂದರೆ ಮೊಗ್ಗಿನ್ನೂ ಬಿಗಿ,
ದುಬೈ ಅಂದರೆ ತುದಿ ಸ್ವಲ್ಪ ಸಡಿಲ,
ಬಹರೈನ್ ಮುಟ್ಟುವಾಗ ಬಾಯಿ ತೆರೆಯಲು
ಒಂದು ಉಸಿರು ಬಾಕಿ.
ಅದರಾಚೆ ಅವಳ ಭೂಪಟದಲ್ಲಿ ಊರುಗಳಿಲ್ಲ,
ಬಾಡಿದ ಹೂವುಂಟು.

ನನ್ನದು ಶಿರ್ವ ಪೇಟೆಯಲ್ಲಿ ಟಿಕೇಟಿನ ಅಂಗಡಿ.
ಇಪ್ಪತ್ತೆರಡು ವರ್ಷ ಊರುಗಳನ್ನು ಮೂರಕ್ಷರದಲ್ಲಿ ಬರೆದವನು,
ಒಮ್ಮೆಯೂ ಬೆಲ್ಟು ಬಿಗಿದು ಕೂತವನಲ್ಲ.
ನೇರ ವಿಮಾನವಾದರೆ ಹದಿನಾರು ಗಂಟೆ, ಅಂದೆ.
'ಉಂಟಾ?'
ಇಲ್ಲ.
ಮುಂಬಯಿಯಲ್ಲಿ ನಾಲ್ಕು ಗಂಟೆ ಕಾಯಬೇಕು, ಫ್ರಾಂಕ್‌ಫರ್ಟಿನಲ್ಲಿ ಆರು,
ಎಲ್ಲ ಸೇರಿ ಇಪ್ಪತ್ತೊಂಬತ್ತು.
'ಮತ್ತೆ ಹಕ್ಕಿಯ ಲೆಕ್ಕ ಯಾಕೆ ಹೇಳಿದ್ದು ಮಾರಾಯ?
ಹಕ್ಕಿ ಎಲ್ಲಾದರೂ ಆರು ಗಂಟೆ ಕುರ್ಚಿಯಲ್ಲಿ ಕೂರ್ತದಾ?'

ಮದುಮಗಳ ಚಿಕ್ಕಮ್ಮನಿಗೆ ಬೇಕಾದ್ದು ಒಂದು ಅಟ್ಟೆ.
ನಾಲ್ಕು ಚೆಂಡು, ಮೂರು ಸಾವಿರದ ಇನ್ನೂರು ಮೊಗ್ಗು.
ನಾಲ್ಕು ಕಿಲೋಮೀಟರಿಗೆ ಒಂದು ಬಿತ್ತು, ಅಂದುಕೊಂಡೆ.
ನನ್ನ ತಲೆಗೆ ಹೊಳೆಯುವುದು ಇಂಥದ್ದೇ.
ಆಗುವುದಿಲ್ಲ, ಅಂದಳು ಬಾಯಿ. ಎರಡು ಸಲ.

ಗುರುವಾರ ನಾಲ್ಕು ಗಂಟೆಗೆ ಟಾರ್ಚು ಹಿಡಿದು ಗಿಡಕ್ಕಿಳಿದವಳು
ಅವತ್ತು ಅರಳಬೇಕಾದದ್ದನ್ನು ಮುಟ್ಟಲಿಲ್ಲ.
ಪಕ್ಕದ್ದನ್ನು, ಎಳೆಯದನ್ನು,
ಸೊಸೆ ಕಿತ್ತಿದ್ದರೆ ಬೈಗುಳ ತಿನ್ನುತ್ತಿದ್ದಳು ಅಂಥದ್ದನ್ನು,
ನಾಳೆಯ ಮೊಗ್ಗನ್ನು ಇಂದೇ
ಮಡಿಲಿಗೆ ಹಾಕಿಕೊಂಡಳು.
ಬಾಳೆ ಎಲೆ, ಅದರ ಮೇಲೆ ದಿಂಡಿನ ಸಿಪ್ಪೆ, ಮೇಲೆ ಒದ್ದೆ ಬಟ್ಟೆ.
ಕೂಸನ್ನು ಸುತ್ತಿದ ಹಾಗಿತ್ತು. ನಾನು ಹಾಗೆ ಹೇಳಲಿಲ್ಲ.

ಶುಕ್ರವಾರ ಸಂಜೆ ಏಳು.
ಬೇಲಿ ಬದಿಯಲ್ಲಿ ಕೈತಪ್ಪಿ ಉಳಿದವು
ಒಂದೊಂದಾಗಿ ಬಿರಿಯುವ ಹೊತ್ತು.
ಫೋನಿಗೊಂದು ಚಿತ್ರ ಬಂತು:
ಅಲ್ಲಿ ಬೆಳಗ್ಗೆ ಒಂಬತ್ತೂವರೆ, ಇಗರ್ಜಿಯ ಮೆಟ್ಟಿಲು,
ಮದುಮಗಳ ತುರುಬಿನಲ್ಲಿ
ಬಿಸಿಲಿಗೆ, ಎಲ್ಲರೆದುರು,
ಅರಳುತ್ತಿದ್ದವು.
ವಿಮಾನದಲ್ಲಿ ಉಳಿದವರೆಲ್ಲ
ಇಳಿಯುವ ಮೊದಲು ವಾಚು ತಿರುಗಿಸಿಕೊಂಡಿರಬೇಕು.
ಇವಕ್ಕೆ ಯಾರೂ ಹೇಳಿರಲಿಲ್ಲ.

ಬಾಯಿ ಫೋನನ್ನು ದೂರ ಹಿಡಿದಳು, ಹತ್ತಿರ ತಂದಳು.
ಮೂರು ಚೆಂಡು ಎಣಿಸಿದಳು.
'ನಾಲ್ಕನೆಯದ್ದು?'
ಕಂದಿತಂತೆ.
'ಎಲ್ಲಿ?'
ನನಗೇನು ಗೊತ್ತು. ಬಾಯಿಗೆ ಬಂದದ್ದು ಹೇಳಿದೆ,
ಫ್ರಾಂಕ್‌ಫರ್ಟಿನಲ್ಲಿ.

ಈಗ ಮಳೆ ಜಿನುಗಿ, ಇಲ್ಲೇ, ಗಿಡದಲ್ಲೇ
ಮೊಗ್ಗಿನ ಅಂಚು ಕೆಂಪಗಾದರೂ
ಸೊಸೆಗೆ ತೋರಿಸಿ ಹೇಳುತ್ತಾಳೆ:
'ಇದು ಬೇಡ, ಬಿಡು.
ಇದು ಫ್ರಾಂಕ್‌ಫರ್ಟ್ ಆಯಿತು.'